ಅರಸನು ನೇಣು ಹಾಕಿಕೊಳ್ಳಲಿಲ್ಲ: ದುರೊ ಲಾದಿಪೊ ಅವರ ಮೂರು ನಾಟಕಗಳು

ಯೊರುಬಾ ಭಾಷೆಯ ನಾಟಕಕಾರ ದುರೊ ಲಾದಿಪೊ ಅವರ ಮೂರು ಪ್ರಸಿದ್ಧ ನಾಟಕಗಳ ಹೆಸರುಗಳು ಒಂದೇ ಪದದಿಂದ ಆರಂಭವಾಗುತ್ತವೆ: ‘ಓಬ ಮೊರೊ’ (1962), ‘ಓಬ ಕೊ ಸೊ’ (1963), ‘ಓಬ ವಾಜಾ’ (1964). ‘ಓಬ’ ಎಂದರೆ ಅರಸ. ಮೊದಲನೆಯದರ ಅರ್ಥ ‘ಪ್ರೇತಗಳನ್ನು ಹಿಡಿದ ಅರಸ’. ಎರಡನೆಯದು ‘ಅರಸನು ನೇಣು ಹಾಕಿಕೊಳ್ಳಲಿಲ್ಲ’. ಮೂರನೆಯದು ಅಕ್ಷರಶಃ ‘ಅರಸನು ಅಟ್ಟವನ್ನು ಸೇರಿದನು’; ದೊರೆಯ ಸಾವನ್ನು ಬಾಯಿಬಿಟ್ಟು ಹೇಳಬಾರದೆಂಬ ಮರ್ಯಾದೆಯಿಂದ ಯೊರುಬಾ ಜನ ಬಳಸುವ ಮಾತು ಅದು. ನಮ್ಮ ವೀರಗಲ್ಲುಗಳಲ್ಲಿ ‘ಸುರಲೋಕಪ್ರಾಪ್ತನಾದ’ ಎಂಬ ನುಡಿ ಮಾಡುವ ಕೆಲಸವನ್ನೇ ಅಲ್ಲಿ ‘ವಾಜಾ’ ಮಾಡುತ್ತದೆ. ಹೀಗೆ ಮೂರೂ ಹೆಸರುಗಳು ಅರಸರನ್ನು ಕುರಿತು ಜನ ಆಡಿದ ಮಾತುಗಳು. ಒಂದು ಅಡ್ಡಹೆಸರು, ಒಂದು ನಿರಾಕರಣೆ, ಒಂದು ಮರೆಮಾತು. ನಡೆದದ್ದೇನು, ಜನ ಆಡಿದ್ದೇನು ಎಂಬ ಎರಡರ ನಡುವಿನ ಅಂತರವೇ ಲಾದಿಪೊ ಅವರ ರಂಗಭೂಮಿಯ ವಸ್ತು ಎಂದು ನನಗೆ ತೋರಿದೆ. ಈ ಬರಹದಲ್ಲಿ ಅದನ್ನು ನಿರೂಪಿಸಲು ಯತ್ನಿಸುತ್ತೇನೆ.

ನಮ್ಮಲ್ಲಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ಲಾದಿಪೊ ಅವರ ಹೆಸರು ಎದುರಾಗುವುದು ಸಾಮಾನ್ಯವಾಗಿ ವೋಲೆ ಸೋಯಿಂಕಾ ಅವರ ‘ಡೆತ್ ಅಂಡ್ ದ ಕಿಂಗ್ಸ್ ಹಾರ್ಸ್‌ಮನ್’ (1975) ನಾಟಕದ ಮುನ್ನುಡಿಯಲ್ಲಿ. ಅದೇ ಘಟನೆಯನ್ನು ಆಧರಿಸಿ ಲಾದಿಪೊ ಯೊರುಬಾದಲ್ಲಿ ಒಂದು ಉತ್ತಮ ನಾಟಕವನ್ನು ಬರೆದಿದ್ದಾರೆಂದು ಸೋಯಿಂಕಾ ಅಲ್ಲಿ ಒಂದೇ ವಾಕ್ಯದಲ್ಲಿ ಸ್ಮರಿಸುತ್ತಾರೆ. ನಾನೂ ಆ ವಾಕ್ಯದ ಜಾಡು ಹಿಡಿದೇ ಲಾದಿಪೊ ಅವರನ್ನು ತಲುಪಿದೆ. ಶಾಸನಗಳನ್ನೂ ಜೈನಕಾವ್ಯಗಳನ್ನೂ ಓದುತ್ತ ಕಾಲ ಕಳೆಯುವವನಿಗೆ ನೈಜೀರಿಯಾದ ಜಾನಪದ ಗೀತನಾಟಕದಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಈ ಬರಹದ ಉತ್ತರಾರ್ಧದಲ್ಲಿದೆ. ಮೊದಲು ಅವರ ಬದುಕಿನ ವಿಚಾರ.

ಲಾದಿಪೊ ನೈಋತ್ಯ ನೈಜೀರಿಯಾದ ಓಶೊಗ್ಬೊ ಪಟ್ಟಣದವರು. ಅವರ ಪೂರ್ಣ ಹೆಸರಿನಲ್ಲಿ ದುರೊದೊಲ, ದುರೊಸೊಮೊ, ದುರೊರಿಕೆ ಎಂದು ಮೂರು ಬಾರಿ ‘ದುರೊ’ ಬರುತ್ತದೆ. ‘ದುರೊ’ ಎಂದರೆ ‘ನಿಲ್ಲು, ಉಳಿ’. ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ತೀರಿಹೋದ ಮನೆಯಲ್ಲಿ ಸತ್ತ ಮಗುವೇ ಮತ್ತೆ ಮತ್ತೆ ಹುಟ್ಟಿ ಬಂದು ಹೊರಟುಹೋಗುತ್ತದೆ ಎಂಬ ನಂಬಿಕೆ ಯೊರುಬಾ ಜನರಲ್ಲಿದೆ. ಅಂಥ ಮಗುವಿಗೆ ‘ಅಬಿಕು’ ಎನ್ನುತ್ತಾರೆ. ಹಾಗೆ ಬಂದ ಕೂಸನ್ನು ಈ ಬಾರಿಯಾದರೂ ಉಳಿಯೆಂದು ಹೆಸರಿನಲ್ಲಿಯೇ ಬೇಡಿಕೊಳ್ಳುವುದು ರೂಢಿ. ಮಕ್ಕಳು ಉಳಿಯದ ಮನೆಯಲ್ಲಿ ತಿಪ್ಪ, ಗುಂಡ ಎಂದು ಕರೆದು ಮೃತ್ಯುವಿನ ಕಣ್ಣು ತಪ್ಪಿಸುತ್ತಿದ್ದ ನಮ್ಮ ಹಿರಿಯರಿಗೆ ಈ ಮೊರೆ ಅರ್ಥವಾಗುತ್ತಿತ್ತು. ವಿಶೇಷವೆಂದರೆ ಆ ಮನೆ ಕ್ರೈಸ್ತರದು. ತಂದೆ ಆಂಗ್ಲಿಕನ್ ಚರ್ಚಿನ ಸೇವೆಯಲ್ಲಿದ್ದವರು. ಮನೆಯೊಳಗೆ ಬೈಬಲ್ಲು, ಮನೆಯಾಚೆ ಓಶುನ್ ನದಿಯ ದೇವತೆಯ ವಾರ್ಷಿಕ ಉತ್ಸವ, ಪಿತೃಗಳು ಮುಸುಕು ಧರಿಸಿ ಬರುವ ಎಗುಂಗುನ್ ಮೆರವಣಿಗೆ, ಸಿಡಿಲಿನ ದೈವ ಶಾಂಗೊನ ಆರಾಧಕರ ಕುಣಿತ. ಈ ಎರಡು ಲೋಕಗಳ ನಡುವೆ ಅವರು ಬೆಳೆದರು, ಶಾಲಾ ಶಿಕ್ಷಕರಾದರು.

ಆಧುನಿಕ ಯೊರುಬಾ ರಂಗಭೂಮಿ ಹುಟ್ಟಿದ್ದು ಚರ್ಚಿನ ಅಂಗಳದಲ್ಲಿ. ಹ್ಯೂಬರ್ಟ್ ಒಗುಂಡೆ 1944ರಲ್ಲಿ ಲಾಗೋಸಿನಲ್ಲಿ ಏದೆನ್ ತೋಟದ ಕಥೆಯನ್ನು ಹಾಡುನಾಟಕವಾಗಿ ಆಡಿಸಿದ್ದು ಒಂದು ಚರ್ಚಿನ ಸಲುವಾಗಿಯೇ. ಮರುವರ್ಷ ಅವರು ಪೊಲೀಸ್ ನೌಕರಿ ಬಿಟ್ಟು ವೃತ್ತಿ ನಾಟಕತಂಡ ಕಟ್ಟಿದರು. ಅವರ ದಾರಿಯಲ್ಲಿ ನಡೆದ ಕೊಲಾ ಒಗುನ್ಮೊಲ ಅಮೊಸ್ ಟುಟುವೊಲಾ ಅವರ ‘ಪಾಮ್-ವೈನ್ ಡ್ರಿಂಕರ್ಡ್’ ಕಾದಂಬರಿಯನ್ನು ರಂಗಕ್ಕೆ ತಂದು ಹೆಸರಾದರು. ಒಗುಂಡೆ ಅವರದು ರಾಜಕೀಯದ ಮೊನಚು. 1964ರಲ್ಲಿ ಅವರ ‘ಯೊರುಬಾ ರೊನು’ ನಾಟಕದ ಕಾರಣಕ್ಕೆ ಪಶ್ಚಿಮ ಪ್ರಾಂತ್ಯದ ಸರ್ಕಾರ ಅವರ ತಂಡವನ್ನೇ ನಿಷೇಧಿಸಿತು. ಒಗುನ್ಮೊಲ ಅವರದು ಲಘುವಾದ ಹಾಸ್ಯ, ಸೂಕ್ಷ್ಮ ಅಭಿನಯ. ಈ ಮೂವರಲ್ಲಿ ಪುರಾಣ–ಇತಿಹಾಸಗಳ ಕಡೆಗೆ, ಪ್ರಾಚೀನ ಮೌಖಿಕ ಕಾವ್ಯದ ಕಡೆಗೆ ಪೂರ್ತಿಯಾಗಿ ತಿರುಗಿದವರು ಲಾದಿಪೊ.

ಆ ತಿರುವಿಗೆ ಕಾರಣವಾದದ್ದು ಒಂದು ವಾದ್ಯ. 1961ರ ಈಸ್ಟರ್ ಸಂದರ್ಭಕ್ಕೆ ಲಾದಿಪೊ ಒಂದು ಗೀತರೂಪಕವನ್ನು ರಚಿಸಿ ಓಶೊಗ್ಬೊದ ಚರ್ಚಿನಲ್ಲಿ ಹಾಡಿಸಿದರು. ಅದರಲ್ಲಿ ‘ದುಂದುನ್’ ಎಂಬ ಮಾತಾಡುವ ಮದ್ದಳೆಯನ್ನು ಬಳಸಿದ್ದರು. ದೈವಾರಾಧನೆಯ ವಾದ್ಯ ದೇವರ ಮನೆಗೆ ಬಂತೆಂದು ಚರ್ಚಿನವರು ಆಕ್ಷೇಪಿಸಿದರು. ಹೊರಗಿನಿಂದ ನೋಡುವವರಿಗೆ ಇದು ಮಡಿವಂತಿಕೆಯ ಸಣ್ಣ ಜಗಳದಂತೆ ಕಾಣಬಹುದು. ಆದರೆ ಯೊರುಬಾ ಭಾಷೆಯ ಸ್ವರೂಪ ತಿಳಿದರೆ ಲಾದಿಪೊ ಅವರ ಆಯ್ಕೆಯ ಹಿಂದೆ ಎಷ್ಟು ಗಟ್ಟಿಯಾದ ಕಾರಣವಿತ್ತೆಂಬುದು ಗೊತ್ತಾಗುತ್ತದೆ.

ಯೊರುಬಾ ಸ್ವರಭಾರದ ಭಾಷೆ. ಅದರಲ್ಲಿ ಪ್ರತಿಯೊಂದು ಅಕ್ಷರವೂ ಏರು, ಸಮ, ಇಳಿ ಎಂಬ ಮೂರು ಸ್ಥಾಯಿಗಳಲ್ಲಿ ಒಂದರಲ್ಲಿ ನಿಲ್ಲುತ್ತದೆ; ಸ್ಥಾಯಿ ಬದಲಾದರೆ ಅರ್ಥವೂ ಬದಲಾಗುತ್ತದೆ. ಮಿಷನರಿಗಳ ಕಾಲದಿಂದ ಇಂಗ್ಲಿಷ್ ಸ್ತೋತ್ರಗಳನ್ನು ಯೊರುಬಾಕ್ಕೆ ಅನುವಾದಿಸಿ ಮೂಲದ ಧಾಟಿಯಲ್ಲೇ ಹಾಡಿಸುತ್ತಿದ್ದರು. ರಾಗ ಏರುವ ಕಡೆ ಪದ ಇಳಿಯಬೇಕಾಗಿದ್ದರೆ ಪದ ಸೋಲುತ್ತಿತ್ತು, ಅರ್ಥ ಕೆಡುತ್ತಿತ್ತು. ಭಕ್ತರು ಭಕ್ತಿಯಿಂದಲೇ ಅರ್ಥವಿಲ್ಲದ್ದನ್ನು ಹಾಡುತ್ತಿದ್ದರು. ದುಂದುನ್ ಮದ್ದಳೆಯ ನಡು ಡಮರುವಿನಂತೆ ಸಣ್ಣ. ಎರಡು ಮುಖಗಳನ್ನು ಜೋಡಿಸುವ ತೊಗಲಿನ ಎಳೆಗಳನ್ನು ವಾದಕ ಕಂಕುಳಲ್ಲಿ ಒತ್ತಿ ಸಡಿಲಿಸಿದಂತೆ ಅದರ ನಾದ ಏರಿ ಇಳಿಯುತ್ತದೆ. ಮಾತಿನ ಸ್ಥಾಯಿಗಳನ್ನು ಅದು ಹಾಗೆಯೇ ನುಡಿಸಬಲ್ಲುದು. ಅರಸನ ಬಿರುದಾವಳಿಯನ್ನು ಬಾಯಿಯ ನೆರವಿಲ್ಲದೆ ಮದ್ದಳೆಯೊಂದೇ ಹೇಳಿ ಮುಗಿಸುತ್ತದೆ. ಅಂದರೆ ಲಾದಿಪೊ ಚರ್ಚಿನೊಳಗೆ ತಂದದ್ದು ಬರಿಯ ತಾಳವಾದ್ಯವಲ್ಲ, ಯೊರುಬಾ ಭಾಷೆಯ ನಿಜವಾದ ಉಚ್ಚಾರಣೆ. ವಾದ್ಯವನ್ನು ನಿರಾಕರಿಸಿದ್ದು ಭಾಷೆಯನ್ನೇ ನಿರಾಕರಿಸಿದ ಹಾಗಾಯಿತು.

ಲಾದಿಪೊ ಅವರಿಗೆ ಚರ್ಚಿನ ಹೊರಗೆ ಆಶ್ರಯ ಸಿಕ್ಕಿತು. ಇಬಾದಾನಿನಲ್ಲಿ ಅದೇ 1961ರಲ್ಲಿ ‘ಎಂಬಾರಿ’ ಎಂಬ ಬರಹಗಾರರ ಮತ್ತು ಕಲಾವಿದರ ಕೂಟ ಆರಂಭವಾಗಿತ್ತು. ಸೋಯಿಂಕಾ, ಚಿನುವಾ ಅಚೆಬೆ, ಕ್ರಿಸ್ಟೊಫರ್ ಒಕಿಗ್ಬೊ, ಜೆ. ಪಿ. ಕ್ಲಾರ್ಕ್ ಮೊದಲಾದವರು ಅದರ ಬಳಗದಲ್ಲಿದ್ದರು. 1950ರಿಂದ ನೈಜೀರಿಯಾದಲ್ಲಿ ನೆಲೆಸಿದ್ದ ಜರ್ಮನ್ ವಿದ್ವಾಂಸ ಉಲ್ಲಿ ಬೈಯರ್ ಅದರ ಮುಖ್ಯ ಚಾಲಕರು. ಆ ವರ್ಷದ ಕ್ರಿಸ್‌ಮಸ್ ವೇಳೆಗೆ ಲಾದಿಪೊ ತಮ್ಮ ಗೀತರೂಪಕವನ್ನು ಆ ಕೂಟದಲ್ಲಿ ಪ್ರದರ್ಶಿಸಿದರು. ಅಂಥದೇ ಕೂಟ ತಮ್ಮ ಊರಿನಲ್ಲೂ ಇರಬೇಕೆಂಬುದು ಅವರ ಹಂಬಲ. ಓಶೊಗ್ಬೊದಲ್ಲಿ ಅವರು ‘ಪಾಪ್ಯುಲರ್ ಬಾರ್’ ಎಂಬ ಪಾನಗೃಹ ನಡೆಸುತ್ತಿದ್ದರು. 1962ರ ಮಾರ್ಚಿನಲ್ಲಿ ಅದೇ ಜಾಗ ರಂಗಮಂದಿರವಾಯಿತು, ಕಲಾಶಾಲೆಯಾಯಿತು.

‘ಎಂಬಾರಿ’ ಇಗ್ಬೊ ಭಾಷೆಯ ಪದ. ಭೂದೇವಿಗೆ ಅರ್ಪಿಸಲು ಮಣ್ಣಿನ ಪ್ರತಿಮೆಗಳಿಂದ ತುಂಬಿ ಕಟ್ಟುವ ಗುಡಿಗೆ ಆ ಹೆಸರು. ಓಶೊಗ್ಬೊದ ಯೊರುಬಾ ಜನರಿಗೆ ಆ ಪದ ತಿಳಿಯದು. ಅವರು ಅದನ್ನು ತಮ್ಮ ಭಾಷೆಯ ಪದವಾಗಿಯೇ ಕೇಳಿಸಿಕೊಂಡು, ಬಾಲವೊಂದನ್ನು ಸೇರಿಸಿ ‘ಎಂಬಾರಿ ಎಂಬಾಯೊ’ ಎಂದರು; ಹಾಗೆಂದರೆ ‘ಕಂಡರೆ ಸಂತೋಷಪಟ್ಟೇನು’ ಎಂದು ಅರ್ಥ. ಪಂಡಿತರು ಇಟ್ಟ ಹೆಸರನ್ನು ಪೇಟೆಯ ಜನ ತಿದ್ದಿದರು, ಲಾದಿಪೊ ಆ ತಿದ್ದುಪಡಿಯನ್ನೇ ಉಳಿಸಿಕೊಂಡರು. ಜನರ ಕಿವಿಯ ಮೇಲೆ ಅವರಿಗಿದ್ದ ಗೌರವಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮುಂದೆ ಅಲ್ಲಿ ನಡೆದ ಚಿತ್ರಕಲಾ ಶಿಬಿರಗಳಿಂದ ‘ಓಶೊಗ್ಬೊ ಪಂಥ’ ಎಂದೇ ಖ್ಯಾತವಾದ ಕಲಾವಿದರ ತಲೆಮಾರು ಬೆಳೆಯಿತು. ಟ್ವಿನ್ಸ್ ಸೆವೆನ್-ಸೆವೆನ್, ಮುರೈನಾ ಒಯೆಲಾಮಿ ಮೊದಲಾದವರು ಲಾದಿಪೊ ತಂಡದಲ್ಲಿ ಕುಣಿದು, ನುಡಿಸಿ, ಆಮೇಲೆ ಕುಂಚ ಹಿಡಿದವರು.

ಆ ರಂಗಮಂದಿರದ ಉದ್ಘಾಟನೆಗೆ ಆಡಿದ ನಾಟಕ ‘ಓಬ ಮೊರೊ’. ಓಯೊ ರಾಜ್ಯದ ಅರಸನೊಬ್ಬ, ಗಡೀಪಾರಿನಂತಿದ್ದ ಇಗ್ಬೊಹೊ ನಗರವನ್ನು ಬಿಟ್ಟು ಹಳೆಯ ರಾಜಧಾನಿಗೆ ಮರಳಬೇಕೆಂದು ನಿರ್ಧರಿಸುತ್ತಾನೆ. ಇಗ್ಬೊಹೊದಲ್ಲಿ ಮನೆಮಾರು ಮಾಡಿಕೊಂಡ ಮಂತ್ರಿಗಳಿಗೆ ಅದು ಇಷ್ಟವಿಲ್ಲ. ಹಳೆಯ ರಾಜಧಾನಿಯಲ್ಲಿ ಪ್ರೇತಗಳಿವೆ ಎಂದು ತೋರಿಸಲು ಅವರು ಕೆಲವರಿಗೆ ಪ್ರೇತಗಳ ವೇಷ ಹಾಕಿಸಿ ಅಲ್ಲಿಗೆ ಕಳಿಸುತ್ತಾರೆ. ಅರಸ ಅವರನ್ನು ಹಿಡಿಸುತ್ತಾನೆ. ಮೋಸ ಬಯಲಾಗುತ್ತದೆ, ಆದರೆ ಜನರ ನೆನಪಿನಲ್ಲಿ ಅವನು ‘ಮೋಸವನ್ನು ಬಯಲು ಮಾಡಿದ ಅರಸ’ ಆಗುವುದಿಲ್ಲ, ‘ಪ್ರೇತಗಳನ್ನು ಹಿಡಿದ ಅರಸ’ನೇ ಆಗುತ್ತಾನೆ. ವೇಷವೆಂದು ಗೊತ್ತಿದ್ದೂ ಜನ ಪ್ರೇತವನ್ನು ಬಿಟ್ಟುಕೊಡಲಿಲ್ಲ. ಮುಸುಕಿನ ಒಳಗೆ ಮನುಷ್ಯನಿದ್ದಾನೆ ಎಂಬುದೂ ಬಂದವನು ಪಿತೃವೇ ಎಂಬುದೂ ಎಗುಂಗುನ್ ನೋಡುವ ಯೊರುಬಾ ಮನಸ್ಸಿಗೆ ಒಟ್ಟಿಗೆ ಗೊತ್ತಿರುವ ಸಂಗತಿಗಳು. ಹೊಸ ರಂಗಭೂಮಿಯ ಮೊದಲ ದಿನವೇ ಲಾದಿಪೊ ವೇಷದ ಈ ಗುಟ್ಟನ್ನು ನಾಟಕದ ವಸ್ತುವಾಗಿಸಿದರು.

ಒಂದು ವರ್ಷದ ಬಳಿಕ ಬಂದ ‘ಓಬ ಕೊ ಸೊ’ ಅವರ ಮೇರುಕೃತಿ. ಶಾಂಗೊ ಓಯೊ ರಾಜ್ಯದ ಅರಸ, ಬಾಯಿಂದ ಬೆಂಕಿ ಕಾರುವವನು. ಅವನಿಗೆ ಇಬ್ಬರು ಪರಾಕ್ರಮಿ ಸೇನಾಪತಿಗಳು: ಬೆಂಕಿಯ ಬಾಣಗಳ ತಿಮಿ, ಮಂತ್ರಶಕ್ತಿಯ ಗ್ಬೊಂಕಾ. ಇವರ ಯುದ್ಧದಾಹದಿಂದ ಪ್ರಜೆಗಳು ಬೇಸತ್ತಿದ್ದಾರೆ. ಇಬ್ಬರನ್ನೂ ದೂರವಿಡಲು ಶಾಂಗೊ ತಿಮಿಯನ್ನು ಗಡಿಯ ಎಡೆ ಪಟ್ಟಣಕ್ಕೆ ಕಳಿಸುತ್ತಾನೆ. ಅಲ್ಲಿ ಅವನು ಬಲಗೊಂಡಾಗ ಅವನನ್ನು ಹಿಡಿತರಲು ಗ್ಬೊಂಕಾನನ್ನು ಕಳಿಸುತ್ತಾನೆ. ಗ್ಬೊಂಕಾ ಗೆದ್ದು ತಿಮಿಯನ್ನು ಎಳೆತರುತ್ತಾನೆ. ಅರಸನ ಮುಂದೆ ಮತ್ತೊಮ್ಮೆ ಕಾಳಗ ನಡೆಯುತ್ತದೆ, ತಿಮಿ ಸಾಯುತ್ತಾನೆ. ಈಗ ಗೆದ್ದವನೇ ಅಪಾಯ. ಗ್ಬೊಂಕಾನನ್ನು ಸುಡಲು ಆಜ್ಞೆಯಾಗುತ್ತದೆ. ಅವನು ಉರಿಯೊಳಗಿಂದ ಅಳಿಯದೆ ಎದ್ದು ಬಂದು ಸಿಂಹಾಸನ ಬಿಡೆಂದು ಅರಸನಿಗೇ ಸವಾಲೆಸೆಯುತ್ತಾನೆ. ಕ್ರೋಧದಿಂದ ಕುರುಡಾದ ಶಾಂಗೊ ತನ್ನ ಪ್ರಜೆಗಳನ್ನೇ ಕೊಲ್ಲುತ್ತಾನೆ. ಎಲ್ಲರೂ ಅವನನ್ನು ತೊರೆಯುತ್ತಾರೆ, ಕಡೆಗೆ ಪ್ರಿಯಪತ್ನಿ ಓಯಳೂ. ಒಂಟಿಯಾದ ಅರಸ ಮರಕ್ಕೆ ನೇಣು ಹಾಕಿಕೊಳ್ಳುತ್ತಾನೆ. ಆಗ ಸಿಡಿಲು ಮೊರೆಯುತ್ತದೆ. ಜನ ಕೂಗುತ್ತಾರೆ: ಅರಸ ನೇಣು ಹಾಕಿಕೊಳ್ಳಲಿಲ್ಲ!

ಕಥೆಯನ್ನು ಹೀಗೆ ಹೇಳುವುದು ಪ್ರಸಂಗದ ಪ್ರತಿಯನ್ನು ಓದಿ ಯಕ್ಷಗಾನ ನೋಡಿದೆನೆಂದ ಹಾಗೆ. ನಾಟಕದ ಜೀವವಿರುವುದು ಅದರ ಕಾವ್ಯದಲ್ಲಿ. ವ್ಯಕ್ತಿಯ, ಕುಲದ, ದೈವದ ಗುಣಗಳನ್ನು ಸಾಲುಸಾಲಾಗಿ ಕರೆಯುವ ‘ಒರಿಕಿ’, ಬೇಟೆಗಾರರ ‘ಇಜಾಲಾ’, ನುಡಿದರೆ ನಡೆಯುವುದೆಂದು ನಂಬಿದ ‘ಓಫೊ’ ಮಂತ್ರಗಳು – ಇವೆಲ್ಲ ಲಾದಿಪೊ ಆರಾಧಕರಿಂದ, ವಾದಕರಿಂದ, ಹಿರಿಯರಿಂದ ಕೇಳಿ ಕಲಿತವು. ತಿಮಿ ಮತ್ತು ಗ್ಬೊಂಕಾ ಕಾಳಗದಲ್ಲಿ ಆಯುಧಕ್ಕಿಂತ ಮಂತ್ರವೇ ಮುಖ್ಯ. ಯಾರ ಮಾತು ಗಟ್ಟಿಯೋ ಅವನು ಗೆಲ್ಲುತ್ತಾನೆ. ಶಾಂಗೊನ ಪ್ರವೇಶಕ್ಕೆ ಅವನದೇ ವಾದ್ಯವಾದ ‘ಬಾತಾ’ ಮದ್ದಳೆ. ಶಾಂಗೊನ ಪಾತ್ರವನ್ನು ಸ್ವತಃ ಲಾದಿಪೊ, ಆ ದೈವದ ಪುರುಷ ಆರಾಧಕರಂತೆ ತಲೆಗೂದಲನ್ನು ಹೆಣೆದುಕೊಂಡು, ಅಭಿನಯಿಸುತ್ತಿದ್ದರು. ಓಯಳ ಪಾತ್ರ ಅವರ ಪತ್ನಿ ಅಬಿಯೊದುನ್ ಅವರದು. ‘ತಿಮಿ’ ಎಂಬುದು ಎಡೆ ಪಟ್ಟಣದ ಅರಸರ ಪದವಿಯಾಗಿ ಇಂದಿಗೂ ಉಳಿದಿದೆ. ನಾಟಕ ಹುಟ್ಟಿದ ಕಾಲದಲ್ಲಿ ಆ ಪೀಠದಲ್ಲಿದ್ದ ತಿಮಿ ಲಾವೊಯೆ ಮದ್ದಳೆಯ ವಿದ್ವಾಂಸರು, ಯೊರುಬಾ ವಾದ್ಯಗಳ ಬಗ್ಗೆ ಬರೆದವರು. ಪುರಾಣದ ಪಾತ್ರದ ಉತ್ತರಾಧಿಕಾರಿ ಜೀವಂತವಾಗಿ ಪಕ್ಕದೂರಿನಲ್ಲೇ ಇದ್ದ ರಂಗಭೂಮಿ ಅದು.

ಆದ್ದರಿಂದ ಲಾದಿಪೊ ಅವರನ್ನು ಓದುವವರು ಪಠ್ಯದ ವಿಚಾರದಲ್ಲಿ ಎಚ್ಚರದಿಂದಿರಬೇಕು. 1964ರಲ್ಲಿ ಇಬಾದಾನಿನಲ್ಲಿ ಪ್ರಕಟವಾದ ‘ಥ್ರೀ ಯೊರುಬಾ ಪ್ಲೇಸ್’ ಉಲ್ಲಿ ಬೈಯರ್ ಮಾಡಿದ ಇಂಗ್ಲಿಷ್ ರೂಪಾಂತರ. ಓದಲು ಸೊಗಸು, ಆದರೆ ಸಂಕ್ಷಿಪ್ತ. ‘ಓಬ ಕೊ ಸೊ’ ನಾಟಕದ ಪೂರ್ಣ ಯೊರುಬಾ ಪಠ್ಯವನ್ನು ಇಬಾದಾನ್ ವಿಶ್ವವಿದ್ಯಾಲಯದ ಆಫ್ರಿಕನ್ ಅಧ್ಯಯನ ಸಂಸ್ಥೆಯಿಂದ ಆರ್. ಜಿ. ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಪ್ರಕಟಿಸಿದರು. ಅವರು ಅದನ್ನು ಬರೆದುಕೊಂಡದ್ದು ಧ್ವನಿಮುದ್ರಣದಿಂದ. ಮೊದಲು ಆಟ, ಆಮೇಲೆ ಧ್ವನಿ, ಕೊನೆಗೆ ಬರಹ. ತಾಳೆಗರಿಯಿಂದ ತಾಳೆಗರಿಗೆ ಹರಿದ ಕಾವ್ಯಗಳ ಪಾಠಾಂತರಗಳನ್ನು ಗುರುತಿಸಿ ಕವಿಯ ಮೂಲಪಾಠವನ್ನು ಹುಡುಕುವ ನಮ್ಮ ಸಂಪಾದನಾ ಪದ್ಧತಿಗೆ ಇಲ್ಲಿ ಹಿಡಿತ ಸಿಗುವುದಿಲ್ಲ. ಮೂಲಪಾಠ ಇರುವುದು ಒಂದು ಸಂಜೆಯ ಗಾಳಿಯಲ್ಲಿ.

ಆದರೂ ಗ್ರಂಥಸಂಪಾದನೆಯ ವಿದ್ಯಾರ್ಥಿಗೆ ಆಪ್ತವೆನಿಸುವ ಒಂದು ಸಮಸ್ಯೆ ನಾಟಕದ ಹೆಸರಿನಲ್ಲಿಯೇ ಇದೆ. ‘ಓಬ ಕೊ ಸೊ’ ಎಂದು ಬಿಡಿಸಿದರೆ ‘ಅರಸ ನೇಣು ಹಾಕಿಕೊಳ್ಳಲಿಲ್ಲ’. ‘ಓಬ ಕೊಸೊ’ ಎಂದು ಕೂಡಿಸಿದರೆ ‘ಕೊಸೊ ಎಂಬ ಸ್ಥಳದ ಅರಸ’. ಶಾಂಗೊನಿಗೆ ಎರಡೂ ಸಲ್ಲುತ್ತವೆ. ಅವನು ನೇಣು ಹಾಕಿಕೊಂಡ ಆಯನ್ ಮರವಿದ್ದ ಜಾಗವೇ ಕೊಸೊ ಎಂದು ಐತಿಹ್ಯ. ಪದಗಳ ನಡುವೆ ತೆರಪಿಲ್ಲದ ಹಳಗನ್ನಡ ಓಲೆಗಳಲ್ಲಿ ಪದಚ್ಛೇದ ಬದಲಾದರೆ ಪದ್ಯದ ಅರ್ಥವೇ ಬದಲಾಗುವುದನ್ನು ಕಂಡವರಿಗೆ ಇದು ಹೊಸದಲ್ಲ. ಒಂದು ಕಡೆ ಮುರಿದರೆ ಸಾವಿನ ನಿರಾಕರಣೆ, ಮುರಿಯದಿದ್ದರೆ ಸಾವಿನ ಸ್ಥಳದ ವಿಳಾಸ. ‘ಸಾಯಲಿಲ್ಲ’ ಎಂಬ ಘೋಷಣೆ, ಎಲ್ಲಿ ಸತ್ತನೆಂಬುದನ್ನೂ ತನ್ನೊಳಗೇ ಹೊತ್ತುಕೊಂಡಿದೆ.

ಈ ಘೋಷಣೆಯ ಮೂಲದ ಬಗ್ಗೆ ಒಂದು ಲೌಕಿಕ ವಿವರಣೆಯೂ ಉಂಟು. ಓಯೊದಲ್ಲಿ ಪಾದ್ರಿಯಾಗಿದ್ದ ಸ್ಯಾಮ್ಯುಯೆಲ್ ಜಾನ್ಸನ್ ಹಿರಿಯರ ಬಾಯಿಂದ ಕೇಳಿ ‘ದ ಹಿಸ್ಟರಿ ಆಫ್ ದ ಯೊರುಬಾಸ್’ ಬರೆದರು. 1897ರಲ್ಲಿ ಪೂರ್ಣಗೊಂಡ ಆ ಹಸ್ತಪ್ರತಿ ಲಂಡನ್ನಿನ ಪ್ರಕಾಶಕರ ಬಳಿ ಕಾಣೆಯಾಯಿತು. ಜಾನ್ಸನ್ ತೀರಿಕೊಂಡ ಮೇಲೆ ಅವರ ತಮ್ಮ ಒಬಾದಯ್ಯ ಉಳಿದ ಟಿಪ್ಪಣಿಗಳಿಂದ ಗ್ರಂಥವನ್ನು ಮರಳಿ ಕಟ್ಟಿದರು. ಅದು ಬೆಳಕು ಕಂಡದ್ದು 1921ರಲ್ಲಿ. ಜಾನ್ಸನ್ ಹೇಳುವಂತೆ ಶಾಂಗೊನ ಆಪ್ತರು ಸಿಡಿಲನ್ನು ಬರಮಾಡುವ ವಿದ್ಯೆಯನ್ನು ಕಲಿತುಬಂದು, ಅರಸ ನೇಣಿಗೆ ಬಿದ್ದನೆಂದು ಹಂಗಿಸಿದವರ ಮನೆಗಳು ಸುಡುವಂತೆ ಮಾಡಿದರು; ಹೆದರಿದ ಜನ ಮಾತು ಬದಲಿಸಿದರು. ಪಾದ್ರಿಯ ಪ್ರಕಾರ ದೈವತ್ವದ ಬೇರಿನಲ್ಲಿರುವುದು ಭಯ. ಆರಾಧಕರ ಪ್ರಕಾರ ಶಾಂಗೊ ಸತ್ತೇ ಇಲ್ಲ, ಮೇಲೇರಿ ಸಿಡಿಲಾದ.

ಲಾದಿಪೊ ಈ ಎರಡರಲ್ಲಿ ಯಾವುದನ್ನೂ ಬಿಡಲಿಲ್ಲ ಎಂಬುದು ನನಗೆ ಮುಖ್ಯವೆನಿಸುತ್ತದೆ. ಪಾದ್ರಿಯ ಮಗನಾದ ಅವರು ಶಾಂಗೊನ ಕ್ರೌರ್ಯವನ್ನು, ಕುತಂತ್ರವನ್ನು, ಒಂಟಿತನವನ್ನು, ನೇಣನ್ನು ಮುಚ್ಚಿಡದೆ ರಂಗದ ಮೇಲೆ ತಂದರು. ಪ್ರೇಕ್ಷಕರು ಅದನ್ನು ಕಣ್ಣಾರೆ ಕಂಡರು. ಕಂಡ ಬಳಿಕ, ಕಂಡದ್ದಕ್ಕೆ ವಿರುದ್ಧವಾಗಿ, ‘ಇಲ್ಲ’ ಎಂಬ ಕೂಗು ಎದ್ದಿತು. ಅವನ ಕೋಪಕ್ಕೆ ಬಲಿಯಾದವರೂ ಇದೇ ಜನ, ಅವನನ್ನು ತೊರೆದವರೂ ಇದೇ ಜನ. ಹಾಗಾಗಿ ಆ ಕೂಗಿನಲ್ಲಿ ಭಕ್ತಿಯ ಜೊತೆಗೆ ಪಶ್ಚಾತ್ತಾಪ, ಭಯ, ಒಬ್ಬ ಅರಸನನ್ನು ಒಂಟಿಯಾಗಿ ಸಾಯಬಿಟ್ಟ ನಾಚಿಕೆ ಎಲ್ಲವೂ ಇವೆ. ನಿರಾಕರಣೆಗೆ ಕಾರಣ ಅಜ್ಞಾನವಲ್ಲ. ಅವರಿಗೆ ಎಲ್ಲ ಗೊತ್ತಿದೆ. ಗೊತ್ತಿರುವುದನ್ನು ಇಟ್ಟುಕೊಂಡು ಬಾಳಲು ಅವರು ಆಯ್ದ ಮಾತು ಅದು.

ಜೈನನಾದ ನಾನು ಈ ನಾಟಕವನ್ನು ನೆಮ್ಮದಿಯಿಂದ ಓದಲಾರೆ ಎಂಬುದಕ್ಕೆ ಕಾರಣ ಇಲ್ಲಿಂದ ಮುಂದಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಂಥಾರಾ, ಅಂದರೆ ಸಲ್ಲೇಖನ, ಆತ್ಮಹತ್ಯೆಗೆ ಸಮವೆಂದೂ ದಂಡನಾರ್ಹವೆಂದೂ ತೀರ್ಪಿತ್ತಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಆ ಮೂರು ವಾರಗಳಲ್ಲಿ ದೇಶದ ಜೈನರೆಲ್ಲ ಒಂದೇ ಮಾತನ್ನು ಹೇಳಿದರು: ‘ಇದು ಆತ್ಮಹತ್ಯೆ ಅಲ್ಲ.’ ನಾನೂ ಹೇಳಿದೆ, ಇಂದೂ ಹೇಳುತ್ತೇನೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳು ಏಳನೆಯ ಶತಮಾನದಿಂದ ಹೇಳುತ್ತಿರುವುದೂ ಅದನ್ನೇ. ಆದರೆ ಹೊರಗಿನವನ ಕಿವಿಗೆ ಈ ಮಾತು ಹೇಗೆ ಕೇಳುತ್ತದೆ? ‘ಅರಸ ನೇಣು ಹಾಕಿಕೊಳ್ಳಲಿಲ್ಲ’ ಎಂಬ ಮಾತು ನಮಗೆ ಕೇಳುವ ಹಾಗೆಯೇ ಅಲ್ಲವೆ? ಕಣ್ಣೆದುರಿನ ಸಾವಿಗೆ ಒಂದು ಸಮುದಾಯ ಬೇರೆ ಹೆಸರಿಡುತ್ತಿದೆ ಎಂದೇ ಅವನು ತಿಳಿಯುತ್ತಾನೆ.

ನಮ್ಮ ಆಚಾರ್ಯರು ಈ ಪ್ರಶ್ನೆಯನ್ನು ಎದುರಿಸದೆ ಬಿಟ್ಟಿಲ್ಲ. ಪರಿಹಾರವಿಲ್ಲದ ಉಪಸರ್ಗ, ಬರ, ಮುಪ್ಪು, ರೋಗಗಳು ಒದಗಿದಾಗ ಮಾತ್ರ ಸಲ್ಲೇಖನವೆಂದು ಸಮಂತಭದ್ರರು ಅದರ ಗಡಿ ಗುರುತಿಸಿದರು. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಆಕ್ಷೇಪವನ್ನೇ ಮುಂದಿಟ್ಟುಕೊಂಡು ಉತ್ತರಿಸುತ್ತಾರೆ: ರಾಗ, ದ್ವೇಷ, ಮೋಹಗಳಿಗೆ ವಶನಾಗಿ ವಿಷದಿಂದಲೋ ಶಸ್ತ್ರದಿಂದಲೋ ಸಾಯುವವನು ಆತ್ಮಘಾತಿ, ಸಲ್ಲೇಖನವ್ರತಿಯಲ್ಲಿ ಅವು ಇಲ್ಲ. ಉಗ್ರಾಣಕ್ಕೆ ಬೆಂಕಿ ಬಿದ್ದಾಗ ವರ್ತಕ ಅದನ್ನು ಉಳಿಸಲು ಯತ್ನಿಸುತ್ತಾನೆ, ಆಗದಿದ್ದರೆ ಒಳಗಿನ ಬೆಲೆಬಾಳುವ ಸರಕನ್ನು ಕಾಪಾಡುತ್ತಾನೆ ಎಂಬುದು ಅವರು ಕೊಡುವ ದೃಷ್ಟಾಂತ. ಈ ಅಳತೆಗೋಲಿನಿಂದ ಅಳೆದರೆ ಶಾಂಗೊನ ಸಾವು ಸಲ್ಲೇಖನಕ್ಕೆ ತೀರ ವಿರುದ್ಧವಾದದ್ದು. ಅದು ಕ್ರೋಧದಿಂದ, ಮಾನಕಷಾಯದಿಂದ ಬಂದ ಸಾವು. ಯೊರುಬಾ ಆರಾಧಕರ ಘೋಷಣೆಯನ್ನು ನಾನು ಒಪ್ಪಲಾರೆ. ಆದರೆ ‘ಅಲ್ಲ’ ಎನ್ನುವ ಸಮುದಾಯವನ್ನು ಅದರ ಕಾರಣ ಕೇಳದೆ ನಗುವ ಹಕ್ಕು ನನಗಿಲ್ಲ. ನನ್ನ ‘ಅಲ್ಲ’ಕ್ಕೆ ಕಾರಣ ಕೇಳಬೇಕೆಂದು ನ್ಯಾಯಾಲಯವನ್ನು ಬೇಡಿದವನು ನಾನು.

ಈ ಎಳೆ ‘ಓಬ ವಾಜಾ’ದಲ್ಲಿ ಇನ್ನಷ್ಟು ಬಿಗಿಯಾಗುತ್ತದೆ. ಓಯೊದಲ್ಲಿ ಅಲಾಫಿನ್ ಎನಿಸಿದ ಅರಸ ತೀರಿಕೊಂಡರೆ ಅವನ ಅಶ್ವಾಧಿಕಾರಿಯೂ ಸತ್ತು ಪರಲೋಕಕ್ಕೆ ಅವನ ಜೊತೆ ಹೋಗಬೇಕೆಂಬುದು ಕಟ್ಟಳೆ. 1940ರ ದಶಕದ ನಡುವೆ ಅರಸ ತೀರಿಕೊಂಡಾಗ ಬ್ರಿಟಿಷ್ ಜಿಲ್ಲಾಧಿಕಾರಿ ಅದನ್ನು ತಡೆದರು. ಅಶ್ವಾಧಿಕಾರಿ ಬದುಕಿದ, ಅವನ ಬದಲಿಗೆ ಅವನ ಮಗ ಪ್ರಾಣ ಬಿಟ್ಟ. ಸೋಯಿಂಕಾ ಇದನ್ನು 1946ರ ಘಟನೆಯೆಂದು ಹೇಳಿ, ತಮ್ಮ ನಾಟಕದಲ್ಲಿ ಅದನ್ನು ಮಹಾಯುದ್ಧದ ವರ್ಷಗಳಿಗೆ ಹಿಂದೂಡುತ್ತಾರೆ. ಅವರಲ್ಲಿ ಆ ಮಗ ಇಂಗ್ಲೆಂಡಿನಲ್ಲಿ ವೈದ್ಯಶಾಸ್ತ್ರ ಓದುತ್ತಿರುವವನು. ಲಾದಿಪೊ ಅವರಲ್ಲಿ ಘಾನಾದಲ್ಲಿ ವ್ಯಾಪಾರಕ್ಕಿದ್ದವನು. ಸೋಯಿಂಕಾ ಇದನ್ನು ಸಂಸ್ಕೃತಿಗಳ ಘರ್ಷಣೆಯೆಂದು ಸರಳಗೊಳಿಸಬೇಡಿರೆಂದು ಎಚ್ಚರಿಸಿ, ಅಶ್ವಾಧಿಕಾರಿಯ ಮನಸ್ಸಿನ ದೌರ್ಬಲ್ಯದ ಕಡೆ ಬೆಳಕು ಹಾಯಿಸುತ್ತಾರೆ. ಲಾದಿಪೊ ಅವರ ನಾಟಕ ಚಿಕ್ಕದು, ನೇರ. ಲೋಕದ ಕ್ರಮವನ್ನು ಕೆಡಿಸಿದವನು ಬಿಳಿಯ ಅಧಿಕಾರಿಯೆಂದೇ ಅದು ಹೇಳುತ್ತದೆ. ವಿಮರ್ಶಕರು ಸಾಮಾನ್ಯವಾಗಿ ಸೋಯಿಂಕಾರ ಸಂಕೀರ್ಣತೆಗೆ ಹೆಚ್ಚು ಅಂಕ ಕೊಡುತ್ತಾರೆ. ಆದರೆ ಲಾದಿಪೊ ಬರೆದದ್ದು ಆ ಘಟನೆಯಿಂದ ಎರಡು ದಶಕವೂ ಕಳೆಯದ ಹೊತ್ತಿನಲ್ಲಿ, ಅದನ್ನು ಬಲ್ಲ ಜನರ ಎದುರಿಗೆ, ಅವರದೇ ಭಾಷೆಯಲ್ಲಿ. ಆ ಜನ ಏನು ಹೇಳುತ್ತಿದ್ದರೋ ಅದನ್ನೇ ಅವರು ರಂಗಕ್ಕೆ ತಂದರು.

ಈ ಕಥೆಯನ್ನು ಓದುವ ಶಾಸನಾಭ್ಯಾಸಿಗೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬ ನೆನಪಾಗದೆ ಇರದು. 1220ರ ಸುಮಾರಿಗೆ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ ಹೆಂಡತಿಯೊಡನೆ, ಸಾವಿರ ವೀರರೊಡನೆ ಪ್ರಾಣ ಕೊಟ್ಟದ್ದನ್ನು ಆ ಕಂಬ ಸಾರುತ್ತದೆ. ಒಡೆಯನೊಡನೆ ಸಾಯುವ ಆ ವ್ರತಕ್ಕೆ ನಮ್ಮಲ್ಲಿ ವೇಳೆವಾಳಿ ಎಂಬ ಹೆಸರಿತ್ತು, ಗರುಡರೆಂಬ ವೀರರ ಪರಂಪರೆಯಿತ್ತು. ವೇಳೆವಾಳಿಯವನು ಒಡೆಯನಿಗಾಗಿ ಸಾಯುತ್ತಾನೆ. ಸಲ್ಲೇಖನವ್ರತಿ ಯಾರಿಗಾಗಿಯೂ ಸಾಯುವುದಿಲ್ಲ. ಒಂದೇ ನಾಡಿನ ಕಲ್ಲುಗಳ ಮೇಲೆ ಈ ಎರಡೂ ಸಾವುಗಳು ಬೇರೆ ಬೇರೆ ಮಾತುಗಳಲ್ಲಿ, ಬೇರೆ ಬೇರೆ ಶಿಲ್ಪಗಳಲ್ಲಿ ದಾಖಲಾಗಿವೆ. ಕಡೆದವರಿಗೆ ವ್ಯತ್ಯಾಸ ಸ್ಪಷ್ಟವಾಗಿತ್ತು. 1860ರ ದಂಡಸಂಹಿತೆಗೆ ಮಾತ್ರ ಎರಡಕ್ಕೂ ಇದ್ದದ್ದು ಒಂದೇ ಪದ. ಓಯೊದ ಜಿಲ್ಲಾಧಿಕಾರಿಯ ಬಳಿಯಿದ್ದದ್ದೂ ಅಂಥದೇ ಒಂದು ಪದ. ಜೀವ ಉಳಿಸಬೇಕೆಂಬ ಅವರ ಉದ್ದೇಶವನ್ನು ಅಹಿಂಸೆಯನ್ನು ನಂಬುವ ನಾನು ಹಳಿಯಲಾರೆ. ಅಶ್ವಾಧಿಕಾರಿ ಬದುಕಿದ್ದಕ್ಕೆ ದುಃಖಿಸಲೂ ಆರೆ. ಆದರೆ ಅಲ್ಲಿನ ಜನ ಆ ಸಾವನ್ನು ಯಾವ ಮಾತಿನಿಂದ ಕರೆಯುತ್ತಿದ್ದರು ಎಂದು ಕೇಳದೆ ಕೈಹಾಕಿದ್ದರ ಫಲವನ್ನು ಮಗನ ಸಾವಿನಲ್ಲಿ ಲಾದಿಪೊ ತೋರಿಸಿದ್ದಾರೆ.

1964ರಲ್ಲಿ ಬರ್ಲಿನ್ ಉತ್ಸವದಲ್ಲಿ, 1965ರಲ್ಲಿ ಬ್ರಿಟನ್ನಿನ ಕಾಮನ್‌ವೆಲ್ತ್ ಕಲೋತ್ಸವದಲ್ಲಿ ಲಾದಿಪೊ ತಂಡ ‘ಓಬ ಕೊ ಸೊ’ ಆಡಿತು. ಅರ್ಥವಾಗದ ಭಾಷೆಯ ಆ ನಾಟಕ ಅಲ್ಲಿಯ ಪ್ರೇಕ್ಷಕರನ್ನು ಹಿಡಿದು ಕೂರಿಸಿತು. 1966ರಲ್ಲಿ ಇಫೆ ಪಟ್ಟಣದ ವೀರನಾರಿಯ ಕಥೆಯ ‘ಮೊರೆಮಿ’ ಬಂತು. 1978ರ ಮಾರ್ಚ್ 11ರಂದು, ಇನ್ನೂ ಆಡಬೇಕಾದ್ದು ಬಹಳವಿರುವಾಗಲೇ, ಲಾದಿಪೊ ತೀರಿಕೊಂಡರು. ಉಳಿ ಉಳಿ ಎಂದು ಮೂರು ಬಾರಿ ಹೆಸರಿಟ್ಟು ಬೇಡಿಕೊಂಡ ಜೀವ ಐವತ್ತರ ಆಸುಪಾಸಿನಲ್ಲಿ ಹೊರಟಿತು. ತಂಡವನ್ನು ಅಬಿಯೊದುನ್ ಮುನ್ನಡೆಸಿದರು. ನಾಟಕದಲ್ಲಿ ಶಾಂಗೊನನ್ನು ತೊರೆದುಹೋಗುವ ಓಯಳ ಪಾತ್ರ ಮಾಡಿದವರು ನಿಜಜೀವನದಲ್ಲಿ ಶಾಂಗೊನ ನಾಟಕವನ್ನು ತೊರೆಯದೆ ಕಾಪಾಡಿದರು.

ಲಾದಿಪೊ ಅವರ ಮೇಲೆ ಕೆಲಸ ಮಾಡಬೇಕೆನ್ನುವ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ. ಬೈಯರ್ ಅವರ ಇಂಗ್ಲಿಷ್ ರೂಪದಿಂದ ಆರಂಭಿಸಿ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಆರ್ಮ್‌ಸ್ಟ್ರಾಂಗ್ ಬಳಗದ ದ್ವಿಭಾಷಾ ಪಠ್ಯವನ್ನು ಎದುರಿಗಿಟ್ಟುಕೊಳ್ಳಿ, ಮದ್ದಳೆಯ ಧ್ವನಿಮುದ್ರಣ ಸಿಕ್ಕರೆ ಅದನ್ನು ಮೊದಲು ಕೇಳಿ. ಜಾನ್ಸನ್ ಅವರ ಇತಿಹಾಸವನ್ನು ಪಕ್ಕದಲ್ಲಿಡಿ, ಆದರೆ ಅದರಿಂದ ನಾಟಕವನ್ನು ತಿದ್ದಬೇಡಿ. ಅರಸ ನೇಣು ಹಾಕಿಕೊಂಡನೇ ಇಲ್ಲವೇ ಎಂದು ಯಾರಾದರೂ ಕೇಳಿದರೆ, ಹೆಸರನ್ನು ಬಿಡಿಸಿ ಓದುವಿರೋ ಕೂಡಿಸಿ ಓದುವಿರೋ ಎಂದು ಅವರನ್ನು ಕೇಳಿ. ಓಶೊಗ್ಬೊದ ಪ್ರೇಕ್ಷಕರು ಒಂದೇ ಕೂಗಿನಲ್ಲಿ ಎರಡನ್ನೂ ಕೇಳುತ್ತಿದ್ದರು.